ಭಾರ ಎಲ್ಲಿಗೆ ಹೋಗುತ್ತದೆ?

1996ರ ಮೇ ತಿಂಗಳು. ರಾತ್ರಿ ಹನ್ನೊಂದರ ಹೊತ್ತಿಗೆ ಮೂವರು ಗಂಡಸರು ಒಂದು ಕಬ್ಬಿಣದ ಗರ್ಡರನ್ನು ಹೆಗಲ ಮೇಲಿಟ್ಟುಕೊಂಡು ಮುಂಬಯಿಯ ಜೋಗೇಶ್ವರಿ ಪೂರ್ವದ ಗುಡ್ಡದ ಇಳಿಜಾರಿನ ಗಲ್ಲಿಯೊಂದರ ತಿರುವಿನಲ್ಲಿ ಸಿಕ್ಕಿಕೊಂಡಿದ್ದರು. ಗರ್ಡರು ಹನ್ನೊಂದು ಅಡಿ ಉದ್ದ, ಗಲ್ಲಿ ಮೂರಡಿ ಅಗಲ, ತಿರುವು ನೆಟ್ಟಗೆ ಲಂಬಕೋನದ್ದು. ತೂಕವೇನೂ ದೊಡ್ಡದಲ್ಲ. ಆರಿಂಚಿನ ಗರ್ಡರು ಮೀಟರಿಗೆ ಸುಮಾರು 15 ಕಿಲೋ ತೂಗುತ್ತದೆ, ಪೂರ್ತಿ ತುಂಡು ಒಂದು ಸಿಮೆಂಟ್ ಚೀಲದಷ್ಟು. ಕಷ್ಟವೆಲ್ಲ ಉದ್ದದ್ದು. ಹಿಂದಿನ ತುದಿ ಯಾರದೋ ಬಾಗಿಲ ಪಟ್ಟಿಗೆ ತಾಗುತ್ತಿತ್ತು, ಮುಂದಿನ ತುದಿ ಎದುರು ಗೋಡೆಯ ಗಿಲಾವು ಕೆರೆಯುತ್ತಿತ್ತು. ನನಗಾಗ ಹದಿನಾಲ್ಕು ವರ್ಷ. ಕುಂದಾಪುರದ ಕಡೆಯಿಂದ ರಜೆಗೆಂದು ಚಿಕ್ಕಪ್ಪನ ಮನೆಗೆ ಬಂದಿದ್ದೆ. ಟಾರ್ಚು ಹಿಡಿಯುವುದು ನನ್ನ ಪಾಲಿನ ಕೆಲಸ.

ಆ ತಿರುವಿನ ಲೆಕ್ಕ ಮುಂದೆ ಕಾಲೇಜಿನಲ್ಲಿ ಸಿಕ್ಕಿತು. ಎರಡೂ ಕಡೆ ಮೂರಡಿ ಅಗಲವಿರುವ ಲಂಬಕೋನದ ಓಣಿಯಲ್ಲಿ ಒಂದು ಕೋಲನ್ನು ಅಡ್ಡಲಾಗಿ ಹಿಡಿದು ತಿರುಗಿಸುವಾಗ ಅತಿ ಇಕ್ಕಟ್ಟಿನ ಕ್ಷಣ ಬರುವುದು ಕೋಲು ಓರೆಯಾಗಿ, ಒಳಮೂಲೆಗೆ ಉಜ್ಜಿಕೊಂಡು, ಎರಡು ತುದಿಗಳೂ ಹೊರಗೋಡೆಗಳಿಗೆ ತಾಗಿದಾಗ. ಆಗ ಒಳಮೂಲೆಯ ಆಚೆಗೊಂದು, ಈಚೆಗೊಂದು ಕರ್ಣ. ಒಂದೊಂದೂ ಮೂರರ ಚೌಕದ್ದು. ಎರಡನ್ನೂ ಕೂಡಿದರೆ ಎಂಟೂವರೆ ಅಡಿಗೆ ಒಂದು ಕೂದಲೆಳೆ ಕಡಿಮೆ. ಅದಕ್ಕಿಂತ ಉದ್ದದ ಯಾವ ಗಟ್ಟಿ ಕೋಲೂ ಆ ಮೂಲೆಯಲ್ಲಿ ಮಲಗಿಕೊಂಡು ತಿರುಗಲಾರದು. ಹನ್ನೊಂದು ಅಡಿ ಹೇಗೆ ತಿರುಗೀತು?

ಮೇಸ್ತ್ರಿ ಕಲಬುರಗಿ ಕಡೆಯವರು. ಅವರು ಲೆಕ್ಕ ಹಾಕಲಿಲ್ಲ, ಮುಂದಿನ ತುದಿಯನ್ನು ಆಕಾಶಕ್ಕೆ ಎತ್ತಿಸಿದರು. ಕೋಲು ಓರೆಯಾಗಿ ಮೇಲೆದ್ದರೆ ನೆಲದ ಮೇಲಿನ ಅದರ ನೆರಳು ಗಿಡ್ಡವಾಗುತ್ತದೆ, ಮೂಲೆ ದಾಟಬೇಕಾದದ್ದು ಆ ನೆರಳು ಮಾತ್ರ. ಹನ್ನೊಂದರ ವರ್ಗ 121, ಎಂಟೂವರೆಗೆ ಸಮೀಪದ ಆ ಉದ್ದದ ವರ್ಗ ಸರಿಯಾಗಿ 72. ಉಳಿದದ್ದು 49. ಅಂದರೆ ಒಂದು ತುದಿ ಇನ್ನೊಂದಕ್ಕಿಂತ ಏಳು ಅಡಿ ಮೇಲಿರಬೇಕು, ಗರ್ಡರಿನ ದಪ್ಪಕ್ಕೆಂದು ಇನ್ನೊಂದಿಷ್ಟು. ಇಷ್ಟು ಚೊಕ್ಕವಾಗಿ ಬಿಡಿಸಿಕೊಳ್ಳುವ ಲೆಕ್ಕ ಬದುಕಿನಲ್ಲಿ ಅಪರೂಪ. ಮೇಲೆ ಜೋತಾಡುತ್ತಿದ್ದ ವಿದ್ಯುತ್ ತಂತಿಗಳನ್ನು ಪಕ್ಕದ ಮನೆಯ ಹುಡುಗನೊಬ್ಬ ಒಣ ಬಿದಿರಿನಿಂದ ಬದಿಗೆ ಒತ್ತಿ ಹಿಡಿದ. ಗರ್ಡರು ದಾಟಿತು.

ಆ ಗರ್ಡರು ಹೋದ ಮನೆ ಹತ್ತಡಿಗೆ ಹದಿನೈದಡಿಯ ಒಂದು ಖೋಲಿ. ಅರ್ಧ ಇಟ್ಟಿಗೆಯ, ಅಂದರೆ ನಾಲ್ಕೂವರೆ ಇಂಚಿನ ಗೋಡೆ; ಮೇಲೆ ಸಿಮೆಂಟ್ ಪತ್ರಾ; ಮೂಲೆಯಲ್ಲಿ ಪಾತ್ರೆ ತೊಳೆಯಲು, ಮೀಯಲು ಒಂದೇ ಮೋರಿ. ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಚಿಕ್ಕಪ್ಪ ಇಬ್ಬರಿದ್ದಾಗ ಕೊಂಡ ಖೋಲಿಯಲ್ಲಿ ಆ ಹೊತ್ತಿಗೆ ಏಳು ಮಂದಿ. ಮೊದಲು ಹಲಗೆ ಜೋಡಿಸಿ ಅರ್ಧ ಕೋಣೆಗೆ ಒಂದು ಪೋಟ್‌ಮಾಳಾ ಮಾಡಿದ್ದರು. ನಮ್ಮವರ ಬಾಯಲ್ಲಿ ಅದು ಅಟ್ಟ. ಊರಿನ ಅಟ್ಟದ ಮೇಲೆ ತೆಂಗಿನಕಾಯಿ, ಕುಚ್ಚಲಕ್ಕಿ ಇರುತ್ತವೆ. ಇಲ್ಲಿ ಮಕ್ಕಳು ಮಲಗುತ್ತಿದ್ದರು. ಈಗ ಅಟ್ಟವನ್ನು ಉಪ್ಪರಿಗೆ ಮಾಡಬೇಕಿತ್ತು. ನಕ್ಷೆ ಇಲ್ಲ, ಎಂಜಿನಿಯರ್ ಇಲ್ಲ. ಒಬ್ಬ ಮೇಸ್ತ್ರಿ, ಇಬ್ಬರು ಬಿಗಾರಿಗಳು. ಉಳಿದ ಕೈಗಳೆಲ್ಲ ಮನೆಯವರವೇ. ಮೇಘವಾಡಿ, ಮಜಾಸವಾಡಿ, ಪ್ರತಾಪನಗರ, ರೈಲುಹಳಿಯಾಚೆಯ ಬೆಹರಾಂಬಾಗ್, ಎಲ್ಲಿ ನೋಡಿದರೂ ಜೋಗೇಶ್ವರಿಯ ಖೋಲಿಗಳು ಬೆಳೆದದ್ದು ಹೀಗೆಯೇ.

ಕೆಲಸ ಶುರುವಾಗುವ ಮೊದಲು ಮೇಸ್ತ್ರಿ ಚಿಕ್ಕಪ್ಪನನ್ನು ಒಂದೇ ಪ್ರಶ್ನೆ ಕೇಳಿದ್ದರು: "ಭಾರ ಎಲ್ಲಿ ಹೋಗ್ತದ ಹೇಳ್ರಿ ಮೊದಲ." ಕಟ್ಟಡ ವಿಜ್ಞಾನವೆಲ್ಲ ಈ ಪ್ರಶ್ನೆಯೊಳಗಿದೆ. ಮೇಲೆ ಇಟ್ಟ ಒಂದೊಂದು ಕಿಲೋವೂ ಎಲ್ಲೋ ಒಂದು ಹಾದಿ ಹಿಡಿದು ನೆಲಕ್ಕೆ ಇಳಿಯಲೇಬೇಕು. ನಾವು ಹಾದಿ ಮಾಡಿಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ.

ಮೊದಲು ಭಾರ ಎಷ್ಟೆಂದು ನೋಡೋಣ. ಖೋಲಿಯ ವಿಸ್ತೀರ್ಣ 150 ಚದರಡಿ, ಹತ್ತಿರ ಹತ್ತಿರ 14 ಚದರ ಮೀಟರು. ಸಿಮೆಂಟ್ ಪತ್ರಾ ಚದರ ಮೀಟರಿಗೆ ಸುಮಾರು 15 ಕಿಲೋ; ಇಡೀ ಮಾಡು 200 ಕಿಲೋ ಚಿಲ್ಲರೆ. ಮೂರು ಜನರ ತೂಕ. ಆ ಗೋಡೆಗಳು ಹುಟ್ಟಿದಾಗಿನಿಂದ ಹೊತ್ತದ್ದು ಅಷ್ಟನ್ನೇ. ಈಗ ಮೇಲೊಂದು ನೆಲ ಬರುತ್ತದೆ. ಮುಂಬಯಿಯ ಮೇಸ್ತ್ರಿಗಳು ಹಾಕುವುದು ಲಾದಿ‑ಕೋಬಾ: ಕಬ್ಬಿಣದ ಮೇಲೆ ಒಂದಿಂಚಿನ ಕಲ್ಲುಚಪ್ಪಡಿ, ಅದರ ಮೇಲೆ ಮೂರಿಂಚು ಕಾಂಕ್ರೀಟು. ಇದು ಚದರ ಮೀಟರಿಗೆ 240 ಕಿಲೋದ ಆಸುಪಾಸು, ಒಟ್ಟು ಮೂರು ಟನ್ನಿಗೂ ಹೆಚ್ಚು. ಅದರ ಮೇಲೆ ಜನ, ಕಪಾಟು, ನೀರಿನ ಡ್ರಮ್ಮು. ವಾಸದ ಕೋಣೆಗೆ ಇವಕ್ಕೆಲ್ಲ ಸೇರಿ ಚದರ ಮೀಟರಿಗೆ 200 ಕಿಲೋ ಹಿಡಿಯಬೇಕೆಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ಅಲ್ಲಿಗೆ ಆರು ಟನ್ ದಾಟಿತು.

ಇನ್ನು ಮೇಲಿನ ಗೋಡೆ. ನೆಲವೇ ಭಾರ, ಗೋಡೆ ತೆಳು ಎಂಬುದು ಕಣ್ಣಿನ ಅಂದಾಜು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನು ಎಂಟಡಿ ಎತ್ತರಕ್ಕೆ ಖೋಲಿಯ ಸುತ್ತ ಐವತ್ತು ಅಡಿ ಕಟ್ಟಿದರೆ ಅದರ ತೂಕ ಸುಮಾರು ಎಂಟು ಟನ್. ನೆಲದ ಎರಡು ಪಟ್ಟಿಗೂ ಮಿಗಿಲು! ಅದಕ್ಕಾಗಿಯೇ ಅರಿತ ಮೇಸ್ತ್ರಿಗಳು ಮೇಲಿನ ಮನೆಗೆ ಇಟ್ಟಿಗೆ ಬೇಡವೆನ್ನುತ್ತಾರೆ. ಆ್ಯಂಗಲ್ಲಿನ ಚೌಕಟ್ಟಿಗೆ ತಗಡನ್ನೋ ಸಿಮೆಂಟ್ ಹಲಗೆಯನ್ನೋ ಹೊಡೆದರೆ ಕೆಲವು ನೂರು ಕಿಲೋದಲ್ಲಿ ಮುಗಿಯುತ್ತದೆ. ಹೊರಗಿನಿಂದ ನೋಡಿದವರು ಇದನ್ನು ಬಡತನದ ಗುರುತೆಂದುಕೊಳ್ಳುತ್ತಾರೆ. ಬಹಳ ಸಲ ಅದು ಸರಿಯಾದ ಎಂಜಿನಿಯರಿಂಗ್. ಚಿಕ್ಕಮ್ಮನಿಗೆ ಮಾತ್ರ ಇಟ್ಟಿಗೆಯ ಗೋಡೆಯೇ ಬೇಕಿತ್ತು. ಮೊಳೆ ಹೊಡೆದು ದೇವರ ಪಟ ತೂಗುಹಾಕುವ ಗೋಡೆ. ಮೇಸ್ತ್ರಿ ಒಪ್ಪಲಿಲ್ಲ. ಅವರು ಒಪ್ಪದಿದ್ದುದಕ್ಕೆ ನಾನು ಇಂದಿಗೂ ಋಣಿ.

ಲಾದಿಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಆ ಕಲ್ಲು ನಮ್ಮದು. ಮುಂಬಯಿಯಲ್ಲಿ ಶಹಾಬಾದ್ ಲಾದಿ ಎಂದರೆ ತಿಳಿಯದ ಕಟ್ಟಡ ಸಾಮಾನಿನ ಅಂಗಡಿಯಿಲ್ಲ. ಶಹಾಬಾದ್ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಮುಂಬಯಿ‑ಚೆನ್ನೈ ರೈಲುಮಾರ್ಗದ ಮೇಲೆಯೇ. ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಆ ಪದರಗಳಿಂದಾಗಿಯೇ ಉಳಿಯ ಏಟಿಗೆ ಹಲಗೆಯಂತೆ ಏಳುತ್ತದೆ. ಕಲ್ಲೂ ಮೇಸ್ತ್ರಿಯೂ ಒಂದೇ ಜಿಲ್ಲೆಯಿಂದ ಒಂದೇ ಹಳಿಯ ಮೇಲೆ ಬಂದವರು.

ಎಲ್ಲ ಕಲ್ಲಿನಂತೆ ಈ ಕಲ್ಲಿಗೂ ಒಂದು ದೌರ್ಬಲ್ಯವಿದೆ. ಅದನ್ನು ಅದುಮಿದರೆ ತಡೆಯುತ್ತದೆ, ಎಳೆದರೆ ಹರಿಯುತ್ತದೆ. ಎರಡು ಆಸರೆಗಳ ಮೇಲೆ ಚಪ್ಪಡಿಯಿಟ್ಟು ನಡುವೆ ನಿಂತರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ; ಮೇಲ್ಮೈ ಒತ್ತಿಕೊಳ್ಳುತ್ತದೆ, ತಳಮೈ ಹಿಗ್ಗುತ್ತದೆ. ಬಿರುಕು ಯಾವಾಗಲೂ ತಳದಿಂದ. ಆಸರೆಗಳ ಅಂತರ ಎರಡು ಪಟ್ಟಾದರೆ, ಹರಡಿದ ಭಾರಕ್ಕೆ ಆ ಎಳೆತ ನಾಲ್ಕು ಪಟ್ಟಾಗುತ್ತದೆ, ಬಾಗು ಹದಿನಾರು ಪಟ್ಟು. ಆದ್ದರಿಂದ ಲಾದಿಯ ಕೆಳಗೆ ಎರಡೆರಡು ಅಡಿಗೊಂದು ಕಬ್ಬಿಣದ ಪಟ್ಟಿ, ಆ ಪಟ್ಟಿಗಳನ್ನು ಹೊರಲು ಐದೈದು ಅಡಿಗೊಂದು ಗರ್ಡರು. ಕಲ್ಲಿನ ಮೇಲಿನ ಭಾರ ಪಟ್ಟಿಗೆ, ಪಟ್ಟಿಯದು ಗರ್ಡರಿಗೆ, ಗರ್ಡರಿನದು ಗೋಡೆಗೆ. ತೊರೆ ಹಳ್ಳವಾಗಿ ಹಳ್ಳ ಹೊಳೆಯಾಗುವಂತೆ ಭಾರ ಸೇರುತ್ತಾ ಹೋಗುತ್ತದೆ. ಗೋಡೆ ತಲಪುವ ಹೊತ್ತಿಗೆ ಗರ್ಡರಿನ ಒಂದೊಂದು ತುದಿಯಲ್ಲೂ ಒಂದು ಟನ್.

ಗರ್ಡರು ಇಂಗ್ಲಿಷಿನ ಐ ಅಕ್ಷರದ ಆಕಾರದಲ್ಲಿರುವುದಕ್ಕೂ ಇದೇ ಕಾರಣ. ಬಾಗುವಾಗ ಹೆಚ್ಚು ದುಡಿಯುವುದು ಮೇಲ್ಮೈ ಮತ್ತು ತಳಮೈ. ನಡುವಿನದು ಅವೆರಡನ್ನೂ ದೂರ ಹಿಡಿದಿಡುತ್ತದೆ, ಅಷ್ಟೆ. ಹಾಗಾಗಿ ಕಬ್ಬಿಣವನ್ನೆಲ್ಲ ತುದಿಗಳಿಗೆ ಕೊಟ್ಟು ನಡುವನ್ನು ಸಪೂರ ಮಾಡಿದ್ದಾರೆ. ಶಾಲೆಯ ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಮಲಗಿಸಿ ಬಾಗಿಸಿ, ಆಮೇಲೆ ನಿಲ್ಲಿಸಿ ಬಾಗಿಸಲು ನೋಡಿ. ಬಾಗದಿರುವ ಬಿಗಿ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಆರಿಂಚಿನ ಅದೇ ಗರ್ಡರನ್ನು ಅಡ್ಡ ಮಲಗಿಸಿ ಇಟ್ಟರೆ ಅದರ ಬಿಗಿ ಹತ್ತನೇ ಒಂದು ಪಾಲಿಗಿಂತಲೂ ಕೆಳಗೆ ಬೀಳುತ್ತದೆ.

ಇಲ್ಲಿಯೇ ಜೋಗೇಶ್ವರಿಯ ಮನೆಗಳ ನಿಜವಾದ ಇಕ್ಕಟ್ಟು ಶುರುವಾಗುತ್ತದೆ. ಜೋಪಡಪಟ್ಟಿ ಎಂದು ಗುರುತಾದ ವಸತಿಗಳಲ್ಲಿ ಮುಂಬಯಿ ಮಹಾನಗರಪಾಲಿಕೆ ಒಪ್ಪುವ ಎತ್ತರ 14 ಅಡಿ. ಅಷ್ಟರಲ್ಲಿ ಎರಡು ಮನೆ ಹಿಡಿಸಬೇಕು. ಏಳೇಳು ಅಡಿ ಎಂದು ಹಂಚಿದರೆ ನೆಲದ ದಪ್ಪ ಎಲ್ಲಿಂದ ಬರಬೇಕು? ಗರ್ಡರು ಆರಿಂಚಿನದಾದರೆ ಕೆಳಗಿನವರ ತಲೆಗೆ ತಾಗುತ್ತದೆ, ಫ್ಯಾನು ಹಾಕುವಂತಿಲ್ಲ. ಎಲ್ಲರ ಕಣ್ಣೂ ಆರಕ್ಕೂ ನಾಲ್ಕಕ್ಕೂ ನಡುವಿನ ಆ ಎರಡಿಂಚಿನ ಮೇಲೆ. ನಾಲ್ಕಿಂಚಿನದು ಹಾಕಿದರೆ ಹಣವೂ ಉಳಿಯುತ್ತದೆ, ತಲೆಯೂ ಉಳಿಯುತ್ತದೆ, ಆದರೆ ಬಿಗಿ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ನೆಲ ನಡೆದರೆ ನಡುಗುತ್ತದೆ, ಕೋಬಾ ಸೀಳುತ್ತದೆ, ಸೀಳಿನಲ್ಲಿ ಮೋರಿಯ ನೀರು ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವ ವಸ್ತು. ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಕಡಲಗಾಳಿಯ ಉಪ್ಪು, ಖಾಡಿಯಿಂದ ತೆಗೆದು ಸರಿಯಾಗಿ ತೊಳೆಯದ ರೇತಿಯ ಉಪ್ಪು ಇದಕ್ಕೆ ಅವಸರ ಮಾಡುತ್ತವೆ. ಎತ್ತರದ ಒಂದು ನಿಯಮ ತೊಲೆಯ ಆಳವನ್ನು ಕಡಿಮೆ ಮಾಡಿಸಿ, ಆ ತೊಲೆ ಇಪ್ಪತ್ತು ವರ್ಷದ ಮೇಲೆ ಮನೆಯ ಆಯುಷ್ಯವನ್ನು ಕಡಿಮೆ ಮಾಡುವ ಬಗೆ ಇದು.

ಕೆಲವರು ಮೇಲೆ ಸಿಗದ ಎತ್ತರವನ್ನು ಕೆಳಗೆ ಹುಡುಕುತ್ತಾರೆ. ನೆಲ ಒಡೆದು ಒಂದಡಿ, ಒಂದೂವರೆ ಅಡಿ ಮಣ್ಣು ತೆಗೆದರೆ ತಲೆಯ ಮೇಲೆ ಅಷ್ಟು ಜಾಗ. ಗಲ್ಲಿಗಿಂತ ಮನೆ ತಗ್ಗಾಗುವುದು ಒಂದು ಅಪಾಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ಇಂಥ ಮನೆಗಳು ಬಾವಿಗಳಾದವು. ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಗೋಡೆಯ ಪಾಯವನ್ನು ಹಿಡಿದು ನಿಲ್ಲಿಸಿರುವುದು ಅದರ ತಳದ ಮಣ್ಣಷ್ಟೇ ಅಲ್ಲ, ಅಕ್ಕಪಕ್ಕ ಒತ್ತಿಕೊಂಡಿರುವ ಮಣ್ಣೂ ಹೌದು. ಭಾರಕ್ಕೆ ತಳದ ಮಣ್ಣು ಪಕ್ಕಕ್ಕೆ ಜಾರಿ ಮೇಲೇಳಲು ನೋಡುತ್ತದೆ. ಪಕ್ಕದ ಮಣ್ಣಿನ ತೂಕ ಅದನ್ನು ಅದುಮಿ ಇಟ್ಟಿರುತ್ತದೆ. ಒಳಗಿನಿಂದ ಅಗೆದವರು ಆ ಅದುಮನ್ನೇ ತೆಗೆದುಬಿಟ್ಟಿರುತ್ತಾರೆ.

ಗೋಡೆಯ ಮಾತಿಗೆ ಬಂದೆವು. ಇಟ್ಟಿಗೆ ಪುಡಿಯಾಗಿ ಮನೆ ಬೀಳುವುದು ಬಹಳ ಕಡಿಮೆ. ತೆಳು ಗೋಡೆ ಸಾಯುವುದು ಬಾಗಿ. ಹದಿನೆಂಟನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ತೋರಿಸಿಕೊಟ್ಟ ಸಂಗತಿ ಇದು: ಸಪೂರವಾದ ಕಂಬ ತನ್ನ ವಸ್ತುವಿನ ಬಲ ಮುಗಿಯುವ ಎಷ್ಟೋ ಮೊದಲೇ ಪಕ್ಕಕ್ಕೆ ಬಾಗಿ ಕುಸಿಯುತ್ತದೆ, ಎತ್ತರ ಎರಡು ಪಟ್ಟಾದರೆ ತಾಳುವ ಭಾರ ನಾಲ್ಕನೇ ಒಂದಾಗುತ್ತದೆ. ದಪ್ಪದ ಲೆಕ್ಕ ಇನ್ನೂ ಕಟು. ಒಂಬತ್ತಿಂಚಿನ ಗೋಡೆ ನಾಲ್ಕೂವರೆಯದಕ್ಕಿಂತ ಎರಡು ಪಟ್ಟಲ್ಲ, ಎಂಟು ಪಟ್ಟು ಬಿಗಿ. ಗರ್ಡರಿನ ತುದಿ ಗೋಡೆಯ ನಡುಮಧ್ಯ ಕೂರದೆ ಒಳ ಅಂಚಿನ ಮೇಲೆ ಕೂತರಂತೂ ಬಾಗುವುದಕ್ಕೆ ಮೊದಲೇ ಒಂದು ನೂಕು ಕೊಟ್ಟಂತೆ. ಮೇಸ್ತ್ರಿ ಗರ್ಡರಿನ ಕೆಳಗೆ ಒಂದಡಿ ಉದ್ದದ ಕಲ್ಲಿನ ದಿಂಬು ಹಾಕಿ, ತುದಿಯನ್ನು ಗೋಡೆಯ ಪೂರ್ತಿ ಅಗಲಕ್ಕೆ ತಂದರು. ಒಂದು ಟನ್ನು ಒಂದೇ ಇಟ್ಟಿಗೆಯ ಮೇಲೆ ಬೀಳದೆ ನಾಲ್ಕಾರು ಇಟ್ಟಿಗೆಗಳಿಗೆ ಹಂಚಿಹೋಗಲಿ ಎಂದು.

ಆ ಗೋಡೆ ಚಿಕ್ಕಪ್ಪನದ್ದು ಮಾತ್ರವಲ್ಲ ಎಂಬುದನ್ನು ಈಗ ಹೇಳಬೇಕು. ಚಾಳಿನ ಸಾಲಿನಲ್ಲಿ ಎರಡು ಖೋಲಿಗಳ ನಡುವೆ ಗೋಡೆ ಒಂದೇ. ಆಚೆಯವರು ಅವರ ತೊಲೆಯನ್ನು ಅದೇ ಗೋಡೆಯಲ್ಲಿ ತೂತು ಕೊರೆದು ಕೂರಿಸುತ್ತಾರೆ, ಈಚೆಯವರು ಇವರದನ್ನು. ಹೊರಗೆ ಹತ್ತು ಬಾಗಿಲು, ಹತ್ತು ರೇಷನ್ ಕಾರ್ಡು. ಭೌತಶಾಸ್ತ್ರದ ಕಣ್ಣಿಗೆ ಅದು ಒಂದೇ ಕಟ್ಟಡ. ಒಂದು ತುದಿಯಲ್ಲಿ ಒಬ್ಬರು ಕೆಡವಿದರೆ ಸಾಲೆಲ್ಲ ಸ್ವಲ್ಪ ಮೈಮುರಿಯುತ್ತದೆ. ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ನವೀ ಮುಂಬಯಿಯ ಬೇಲಾಪುರದಲ್ಲಿ ಬೆಳೆಯುವ ಮನೆಗಳನ್ನು ರೂಪಿಸಿದಾಗ ಹಿಡಿದ ಮುಖ್ಯ ಸೂತ್ರ ಇದೇ: ಯಾವ ಮನೆಯೂ ನೆರೆಮನೆಯ ಗೋಡೆಯನ್ನು ಹಂಚಿಕೊಳ್ಳಬಾರದು. ಸಂಸಾರ ಬೆಳೆದಂತೆ ಮನೆಯನ್ನು ಬೆಳೆಸಿಕೊಳ್ಳಲಿ, ಒಬ್ಬರ ಬೆಳವಣಿಗೆಗೆ ಇನ್ನೊಬ್ಬರ ಅಪ್ಪಣೆ ಬೇಡ, ಅಪಾಯವೂ ಬೇಡ. ನಾನು ಓದಿದ ವಾಸ್ತುಶಿಲ್ಪದ ವಿಚಾರಗಳಲ್ಲಿ ಇಷ್ಟು ಸರಳವೂ ಇಷ್ಟು ಕರುಣೆಯದೂ ಆದ ಇನ್ನೊಂದನ್ನು ಕಂಡಿಲ್ಲ. ಆದರೆ ಅದಕ್ಕೆ ಜಾಗ ಬೇಕು. ಜೋಗೇಶ್ವರಿಯಲ್ಲಿ ಎರಡು ಮನೆಗಳ ನಡುವೆ ಕೈ ತೂರಿಸುವಷ್ಟೂ ಜಾಗವಿಲ್ಲ.

2021ರ ಜೂನ್ 9ರ ರಾತ್ರಿ, ಮುಂಗಾರಿನ ಮೊದಲ ದೊಡ್ಡ ಮಳೆಯ ದಿನ, ಜೋಗೇಶ್ವರಿಯಿಂದ ಹೆಚ್ಚು ದೂರವಲ್ಲದ ಮಲಾಡಿನ ಮಾಲ್ವಣಿಯಲ್ಲಿ ಅಂತಸ್ತು ಏರಿಸಿದ್ದ ಒಂದು ಮನೆ ಪಕ್ಕದ ಮನೆಯ ಮೇಲೆ ಬಿತ್ತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಎಂಟು ಮಕ್ಕಳು. ಮಕ್ಕಳು ಮಲಗುವ ಅಟ್ಟದ ಕೆಳಗೆ ಟಾರ್ಚು ಹಿಡಿದು ನಿಂತವನಿಗೆ ಆ ಸುದ್ದಿ ಓದಿ ಮುಗಿಸುವುದು ಸುಲಭವಾಗಿರಲಿಲ್ಲ.

ಮತ್ತೆ 1996ಕ್ಕೆ. ಗರ್ಡರು ಕೂತು, ಲಾದಿ ಹಾಸಿ, ಕೋಬಾ ಹಾಕುವ ದಿನ ಮನೆಯವರೆಲ್ಲ ಬಿಗಾರಿಗಳಾದೆವು. ಗಲ್ಲಿಯ ಬಾಯಲ್ಲಿ ರೇತಿ, ಖಡಿ ಸುರಿದಿದ್ದರು. ಅಲ್ಲಿಂದ ಘಮೇಲಾ ಕೈಯಿಂದ ಕೈಗೆ, ನೆರೆಯವರ ಕೈಗಳೂ ಸೇರಿ. ಕಲಸುವಾಗ ನೀರು ಕಡಿಮೆಯಾಗಿ ಕೈ ಸೋಲುತ್ತಿತ್ತು, ಇನ್ನೊಂದು ಬಕೆಟ್ ಸುರಿಯೋಣವೆಂದು ನಾನೇ ಹೋದೆ. ಮೇಸ್ತ್ರಿ ಗದರಿದರು. ಒಂದು ಚೀಲ ಸಿಮೆಂಟಿಗೆ ಸುಮಾರು 25 ಲೀಟರು ನೀರು. ಅದರಲ್ಲೂ ಸುಮಾರು ಅರ್ಧದಷ್ಟೇ ಸಿಮೆಂಟಿನ ಜೊತೆ ರಾಸಾಯನಿಕವಾಗಿ ಸೇರಿ ಸೂಕ್ಷ್ಮವಾದ ನಾರು, ಹರಳುಗಳಾಗುತ್ತದೆ. ಆ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುವುದೇ ಗಟ್ಟಿಯಾಗುವುದು. ಹೆಚ್ಚಿನ ನೀರು ಎಲ್ಲೂ ಸೇರದೆ, ಆಮೇಲೆ ಆವಿಯಾಗಿ, ಹೋದ ದಾರಿಯನ್ನು ತೂತಾಗಿ ಬಿಟ್ಟುಹೋಗುತ್ತದೆ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ಬಲು ಹಳೆಯ ತಪ್ಪು ನಂಬಿಕೆ. ಅದು ಒಣಗಿದರೆ ಗಟ್ಟಿಯಾಗುವುದು ನಿಂತುಹೋಗುತ್ತದೆ. ಮೊದಲ ಏಳು ದಿನ ಒದ್ದೆಯಾಗಿದ್ದರೆ 28 ದಿನಕ್ಕೆ ಬರಬೇಕಾದ ಬಲದ ಮೂರರಲ್ಲಿ ಎರಡು ಪಾಲು ಅಷ್ಟರಲ್ಲೇ ಬಂದಿರುತ್ತದೆ. ಆದರೆ ಆ ಗಲ್ಲಿಗೆ ನಳ್ಳಿನೀರು ಬರುತ್ತಿದ್ದುದು ನಸುಕಿನ ಒಂದು ಗಂಟೆ. ಕುಡಿಯಲು, ಮೀಯಲು, ಒಗೆಯಲು, ಏಳು ಮಂದಿಗೆ ಅಷ್ಟೇ. ಈಗ ನೆಲಕ್ಕೂ ಕುಡಿಸಬೇಕು. ಚಿಕ್ಕಮ್ಮ ಹಳೆಯ ಗೋಣಿಗಳನ್ನು ಹೊಲಿದು ಕೋಬಾದ ಮೇಲೆ ಹಾಸಿ, ಅಕ್ಕಿ ತೊಳೆದ ನೀರಿನಿಂದ ಹಿಡಿದು ಬಟ್ಟೆಯ ಕೊನೆಯ ಜಾಲಿಸಿದ ನೀರಿನವರೆಗೆ ಎಲ್ಲವನ್ನೂ ಅವುಗಳ ಮೇಲೆ ಚಿಮುಕಿಸುತ್ತಿದ್ದಳು. ನಿಂತ ನೀರಿಗಿಂತ ಒದ್ದೆ ಗೋಣಿಗೆ ಬೇಕಾಗುವುದು ಬಹಳ ಕಡಿಮೆ. ಸಾಬೂನಿನ ನೀರು ಒಳ್ಳೆಯದಲ್ಲವೆಂದು ಪುಸ್ತಕ ಹೇಳೀತು. ಆ ನೆಲ ಮಾತ್ರ ಇಂದಿಗೂ ಸೀಳಿಲ್ಲ.

ಹಳೆಯ ಪತ್ರಾಗಳನ್ನೇ ಇಳಿಸಿ ಮತ್ತೆ ಮೇಲೇರಿಸಿದರು. ಒಂದೆರಡನ್ನು ಗರಗಸದಲ್ಲಿ ಕೊಯ್ದರು, ಬಿಳಿ ಪುಡಿ ಹಾರಿತು, ನಾವು ಮಕ್ಕಳು ಅದರಲ್ಲಿ ಬೆರಳಿನಿಂದ ಹೆಸರು ಬರೆದೆವು. ಆ ಪುಡಿಯಲ್ಲಿ ಕಲ್ನಾರು ಇರುತ್ತದೆ. ಕೂದಲಿಗಿಂತ ಎಷ್ಟೋ ಸಪೂರವಾದ ಅದರ ಎಳೆಗಳು ಶ್ವಾಸಕೋಶದಲ್ಲಿ ನಾಟಿದರೆ ಕರಗುವುದಿಲ್ಲ. ಅವುಗಳಿಂದ ಬರುವ ಕ್ಯಾನ್ಸರ್ ತೋರಿಕೊಳ್ಳಲು ಹಲವು ದಶಕ ಹಿಡಿಯುತ್ತದೆ. ಯಾವ ಬಗೆಯ ಕಲ್ನಾರೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಅಧ್ಯಾಯವನ್ನು ಓದುವ ಯಾರಾದರೂ ಮನೆಯ ಮಾಡು ಮುಟ್ಟುವವರಿದ್ದರೆ ದಯವಿಟ್ಟು ಹಳೆಯ ಸಿಮೆಂಟ್ ಪತ್ರಾವನ್ನು ಒಣಗಿದ್ದಾಗ ಕೊಯ್ಯಬೇಡಿ, ಒಡೆಯಬೇಡಿ. ಪೂರ್ತಿ ನೆನೆಸಿ, ಇಡಿಯಾಗಿ ಇಳಿಸಿ, ಮಕ್ಕಳನ್ನು ದೂರ ಕಳಿಸಿ.

ಮೇಲಿನ ಕೋಣೆಯ ಬೇಸಿಗೆಯನ್ನು ಒಂದು ಮಾತಿನಲ್ಲಿ ಹೇಳುತ್ತೇನೆ. ಮಧ್ಯಾಹ್ನ ಪತ್ರಾ 60 ಡಿಗ್ರಿಗೆ ಕಾದರೆ ಅದರ ಒಂದೊಂದು ಚದರ ಮೀಟರೂ ಸುಮಾರು 700 ವಾಟ್ ಶಾಖವನ್ನು ಕಣ್ಣಿಗೆ ಕಾಣದ ಬೆಳಕಾಗಿ ಕೆಳಕ್ಕೆ ಸುರಿಯುತ್ತದೆ. ನಮ್ಮ ಚರ್ಮ ತಿರುಗಿ ಕೊಡುವುದು 500ರಷ್ಟು. ಉಳಿದ 200 ನಮ್ಮೊಳಗೆ. ಫ್ಯಾನು ಗಾಳಿಯನ್ನು ತಿರುಗಿಸೀತು, ಈ ವಿಕಿರಣವನ್ನು ತಡೆಯದು. ಪತ್ರಾದ ಮೇಲ್ಮೈಗೆ ಸುಣ್ಣ ಬಳಿದರೆ ತಡೆದೀತು.

ಇನ್ನು ಪಾಯ. ಇದನ್ನು ಕೊನೆಗೆ ಉಳಿಸಿದ್ದೇಕೆಂದರೆ ಮನೆ ಕಟ್ಟಿದವರೂ ಇದನ್ನು ಕೊನೆಗೇ ಉಳಿಸುತ್ತಾರೆ. ಅವರ ತಪ್ಪಲ್ಲ. 1976ರ ಜೋಪಡಿ ಗಣತಿಯಲ್ಲಿ ಫೋಟೊಪಾಸ್ ಸಿಕ್ಕವರಿದ್ದರು, ಸಿಗದವರಿದ್ದರು. ಮುಂದೆ, ಅದಕ್ಕೂ ಮೊದಲಿದ್ದ ಜೋಪಡಿಗಳಿಗೆ ಮಾತ್ರ ರಕ್ಷಣೆ ಎನ್ನುವ 1995ರ ಜನವರಿ 1 ಎಂಬ ಗಡಿದಿನ ಬಂತು, ಆಮೇಲೆ 2000ದ ಜನವರಿ 1. ಕಾಗದ ಕೈಗೆ ಬರುವವರೆಗೆ ಮನೆ ನಾಳೆ ಇರುತ್ತದೆಂಬ ಭರವಸೆಯಿಲ್ಲ. ನಾಳೆ ಕೆಡವಬಹುದಾದ ಮನೆಗೆ ಯಾರು ನಾಲ್ಕಡಿ ಪಾಯ ತೋಡುತ್ತಾರೆ? ನೆಲ ಸವರಿ, ಎರಡು ಸಾಲು ಇಟ್ಟಿಗೆ ಹೂತು, ಗೋಡೆ ಎಬ್ಬಿಸುತ್ತಾರೆ. ಕಾಗದ ಬಂದಮೇಲೆ ಧೈರ್ಯ ಬರುತ್ತದೆ, ಮನೆ ಮೇಲೇರುತ್ತದೆ. ಪಾಯ ಮಾತ್ರ ಭಯದ ದಿನಗಳದ್ದೇ.

ನೆಲದ ಗುಣವೂ ಎಲ್ಲ ಕಡೆ ಒಂದೇ ಅಲ್ಲ. ಊರಿಗೆ ಹೆಸರು ಕೊಟ್ಟ ಜೋಗೇಶ್ವರಿ ಗುಹಾದೇವಾಲಯ ಆರನೇ ಶತಮಾನದ ಶೈವರು ಕೊರೆದದ್ದು. ಆ ಕಲ್ಲು ಲಾವಾ ಚೂರುಗಳೂ ಬೂದಿಯೂ ಬೆಸೆದುಕೊಂಡದ್ದು. ಗಟ್ಟಿ ಬಸಾಲ್ಟಿಗಿಂತ ಮೆದು. ಕೊರೆಯಲು ಸುಲಭ, ಮಳೆಗೆ ಸವೆಯುವುದೂ ಸುಲಭ, ಅಲ್ಲಿನ ಶಿಲ್ಪಗಳ ಮುಖಗಳು ಅಳಿಸಿರುವುದು ಅದಕ್ಕೇ. ಕಲ್ಲು ಎಳೆತ ತಾಳದೆಂದು ಆ ಶಿಲ್ಪಿಗಳಿಗೂ ಗೊತ್ತಿತ್ತು, ಆದ್ದರಿಂದ ಕೊರೆಯುತ್ತಾ ಹೋದಂತೆ ಅಲ್ಲಲ್ಲಿ ಕಂಬಗಳನ್ನು ಬಿಟ್ಟರು. ನಮ್ಮ ಮೇಸ್ತ್ರಿ ಎರಡೆರಡು ಅಡಿಗೆ ಪಟ್ಟಿ ಇಟ್ಟದ್ದೂ ಅವರು ಕಂಬ ಬಿಟ್ಟದ್ದೂ ಒಂದೇ ಕಾರಣಕ್ಕೆ. ಇಂದು ಆ ಗುಹೆಯ ಸುತ್ತ, ಮೇಲಿನ ದಿಣ್ಣೆಯವರೆಗೂ ಮನೆಗಳು ಒತ್ತಿಕೊಂಡಿವೆ. ಗುಡ್ಡದ ಮನೆಗಳ ಕೆಳಗೆ ಬಂಡೆಯೋ ಮೊರಂ ಮಣ್ಣೋ ಹತ್ತಿರದಲ್ಲೇ ಸಿಗುತ್ತದೆ. ಪಶ್ಚಿಮಕ್ಕೆ ಓಶಿವರಾ ಹೊಳೆಯ ಕಡೆ ಹೋದರೆ ಖಾಡಿಯ ಕಪ್ಪು ಕೆಸರು, ಅದರ ಮೇಲೆ ತಂದು ಸುರಿದ ಭರಾವು.

ಬಂಡೆ ಚದರ ಮೀಟರಿಗೆ ನೂರಾರು ಟನ್ ತಾಳುತ್ತದೆ. ಹೆಬ್ಬೆರಳು ಒತ್ತಿದರೆ ಇಳಿಯುವ ಮೆತ್ತನೆ ಜೇಡಿ ತಾಳುವುದು ಐದರಷ್ಟು. ಎರಡು ನೆಲೆಯ ಇಟ್ಟಿಗೆ ಮನೆಯ ಗೋಡೆ ಪ್ರತಿ ಮೀಟರು ಉದ್ದಕ್ಕೆ ಸುಮಾರು ಎರಡು ಟನ್ ಇಳಿಸುತ್ತದೆ ಎನ್ನಿ. ಪಾಯ ಒಂಬತ್ತಿಂಚು ಅಗಲವಿದ್ದರೆ ಆ ಭಾರ ಚದರ ಮೀಟರಿಗೆ ಒಂಬತ್ತು ಟನ್ನಿನ ಸಮೀಪ. ಎರಡಡಿ ಅಗಲವಿದ್ದರೆ ಮೂರೂ ಚಿಲ್ಲರೆ. ಮನೆ ಅದೇ, ಮಣ್ಣು ಅದೇ. ಒಂದು ಹೂತುಹೋಗುತ್ತದೆ, ಒಂದು ನಿಲ್ಲುತ್ತದೆ. ಊರಿನಲ್ಲಿ ನೆಟ್ಟಿಯ ಸಮಯ ಕೆಸರುಗದ್ದೆಗೆ ಹಲಗೆ ಹಾಕಿ ದಾಟಿದವರಿಗೆ ಇದನ್ನು ವಿವರಿಸಬೇಕಿಲ್ಲ.

2012ರಲ್ಲಿ ಪಕ್ಕದ ಖೋಲಿಯವರು ತಮ್ಮ ಮನೆಯನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟಲು ಹೊರಟರು. ಅದು ಅವರ ಹಕ್ಕು. ಆಚೆಯ ಆಸರೆ ಹೋದ ಮೂರನೇ ದಿನ ಚಿಕ್ಕಪ್ಪನ ಗೋಡೆಯಲ್ಲಿ ಗರ್ಡರಿನ ತುದಿಯಿಂದ ಮೋರಿಯ ಮೂಲೆಗೆ ಓರೆಯಾಗಿ ಒಂದು ಬಿರುಕು ಬಂತು. ನೆಟ್ಟಗಿನ ಬಿರುಕು ಬಹಳ ಸಲ ಗಿಲಾವಿನದ್ದು; ಮೆಟ್ಟಿಲು ಮೆಟ್ಟಿಲಾಗಿ ಓರೆ ಇಳಿಯುವ ಬಿರುಕು, ಗೋಡೆಯ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಕೂತಿದೆ ಎನ್ನುತ್ತದೆ. ಚಿಕ್ಕಪ್ಪನ ಮಗ ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಒಂದು ಸಣ್ಣ ಚೂರನ್ನು ಸಿಮೆಂಟಿನಿಂದ ಅಂಟಿಸಿದ. ಗಾಜು ಹಿಗ್ಗದು, ಗೋಡೆ ಇನ್ನೂ ಚಲಿಸುತ್ತಿದ್ದರೆ ಸೀಳುತ್ತದೆ. ಎರಡು ದಿನಕ್ಕೆ ಸೀಳಿತು. ಅದೇ ರಾತ್ರಿ ಎಲ್ಲರನ್ನೂ ಕೆಳಗೆ ಮಲಗಿಸದೆ ನೆಂಟರ ಮನೆಗಳಿಗೆ ಹಂಚಿದರು.

ಮೇಸ್ತ್ರಿಗೆ ವಯಸ್ಸಾಗಿತ್ತು, ಬಂದರು. ಗರ್ಡರುಗಳ ಕೆಳಗೆ ಬಿಗಿಯಾಗಿ ಕಬ್ಬಿಣದ ಜಾಕ್‌ಗಳನ್ನು ಕೊಡಿಸಿದ ಮೇಲೆಯೇ ಗೋಡೆಯ ಬುಡವನ್ನು ಅಗೆಸಿದರು. ಒಂಬತ್ತಿಂಚಿನ ಆಳಕ್ಕೆ ಇಟ್ಟಿಗೆ ಮುಗಿದಿತ್ತು. ಅದರ ಕೆಳಗೆ ಕಸ, ಹಳೆಯ ಹಂಚಿನ ಚೂರು, ಮೋರಿಯಿಂದ ಜಿನುಗಿ ಮೆತ್ತಗಾದ ಮಣ್ಣು. ಇಷ್ಟು ವರ್ಷ ಮನೆ ನಿಂತದ್ದು ನೆರೆಯ ಗೋಡೆಗಳ ಒತ್ತಿನ ಮೇಲೆ.

ಆ ಗೋಡೆಯನ್ನು ಇನ್ನು ಭಾರಕ್ಕೆ ಬಳಸುವುದಿಲ್ಲವೆಂದು ತೀರ್ಮಾನವಾಯಿತು. ಎರಡು ಗರ್ಡರುಗಳಿಗೆ ನಾಲ್ಕು ತುದಿ, ನಾಲ್ಕು ತುದಿಗೆ ನಾಲ್ಕು ಕಬ್ಬಿಣದ ಕಂಬ. ಒಂದೊಂದು ಕಂಬಕ್ಕೆ ಒಂದು ಟನ್ನಿಗೂ ಸ್ವಲ್ಪ ಹೆಚ್ಚು ಭಾರ. ಅಡಿಯಲ್ಲಿ ಎರಡೂವರೆ ಅಡಿ ಚೌಕದ ಕಾಂಕ್ರೀಟು. ಗೋಡೆ ಬರೀ ಪರದೆಯಾಗಿ ಉಳಿಯುತ್ತದೆ. ಒಂದು ಕಂಬ ಅಕ್ಕಿಯ ಡಬ್ಬದ ಜಾಗದಲ್ಲಿ ಬಂತು, ಒಂದು ಬಾಗಿಲ ಹಿಂದೆ, ಒಂದು ಸರಿಯಾಗಿ ಚಿಕ್ಕಮ್ಮನ ಒಲೆಯ ಪಕ್ಕ. ಆಕೆ ಸೀಮೆಸುಣ್ಣದ ಗುರುತನ್ನು ನೋಡಿ, ಒಲೆಯನ್ನು ತಾನೇ ಒಂದಡಿ ಸರಿಸಿದಳು.

ಗುಂಡಿ ತೋಡುವ ಸರದಿ ನಮ್ಮದು. ಮೊದಲ ಮೂರು ಗುಂಡಿಗಳಲ್ಲಿ ಎರಡಡಿಗೇ ಗಟ್ಟಿ ಸಿಕ್ಕಿತು. ಮೋರಿಯ ಮೂಲೆಯದು ಮಾತ್ರ ಎರಡಾಯಿತು, ಮೂರಾಯಿತು, ಹಾರೆ ಹಾಕಿದಲ್ಲೆಲ್ಲ ಮೆತ್ತಗೆ ಇಳಿಯುತ್ತಿತ್ತು, ತೆಗೆದ ಮಣ್ಣು ಘಮೇಲಾದಲ್ಲಿ ಕಪ್ಪಗೆ ನೀರೊಡೆಯುತ್ತಿತ್ತು. ಮೇಸ್ತ್ರಿ ಮೇಲೆ ಕೂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ನಾಲ್ಕಡಿ ದಾಟಿದ ಮೇಲೆ ಹಾರೆಯ ಸದ್ದು ಬದಲಾಯಿತು. ಅವರು ಕೈಯೆತ್ತಿ, ಸಾಕು, ಎಂದರು.